ಹೇಳಲಾಗದ ಹಲ್ಲುನೋವು: ವಿಕಲಚೇತನರ ಬಾಯಿ ಆರೋಗ್ಯಕ್ಕೆ ಮನೆಯವರ ನೆರವು

ಹನುಮಂತನಪಟ್ಟಿ (ತೇನಿ ಜಿಲ್ಲೆ): ಹಲ್ಲುನೋವು ಬಂದವರು ದವಡೆ ಹಿಡಿದು ಕೂರುತ್ತಾರೆ, ಲವಂಗ ಕಚ್ಚಿಕೊಳ್ಳುತ್ತಾರೆ, ತಡೆಯಲಾಗದಿದ್ದರೆ ಉತ್ತಮಪಾಳ್ಯಂಗೆ ಬಸ್ಸು ಹತ್ತುತ್ತಾರೆ. ಆದರೆ ಮಾತು ಬಾರದ ಮಗು ಏನು ಮಾಡಬೇಕು? ಬುದ್ಧಿಮಾಂದ್ಯತೆ ಇರುವ ಯುವಕ, ಲಕ್ವ ಹೊಡೆದು ಮಾತು ತೊದಲುವ ಹಿರಿಯರು ತಮ್ಮ ನೋವನ್ನು ಯಾರಿಗೆ, ಹೇಗೆ ತಿಳಿಸಬೇಕು? ಊಟ ಬಿಟ್ಟರೆ "ಹಠ" ಎನ್ನುತ್ತಾರೆ, ರಾತ್ರಿ ಅತ್ತರೆ "ದೃಷ್ಟಿಯಾಗಿದೆ" ಎನ್ನುತ್ತಾರೆ. ಬಾಯಿ ತೆರೆದು ನೋಡುವವರು ಕಡಿಮೆ.

ಕಂಬಂ ಕಣಿವೆಯ ಕನ್ನಡ ಮನೆಗಳಲ್ಲಿ ಈ ಸಮಸ್ಯೆಗೆ ಇನ್ನೆರಡು ಕಾರಣಗಳು ಸೇರಿಕೊಳ್ಳುತ್ತವೆ. ಮೊದಲನೆಯದು ಭಾಷೆ. ಕಾಪ್ಪಿಲಿಯರ್ ಒಕ್ಕಲಿಗರು, ಅನುಪ್ಪರು ಮೊದಲಾದವರ ಮನೆಮಾತು ಕನ್ನಡ. ಶಾಲೆ, ಸಂತೆ, ಆಸ್ಪತ್ರೆಯ ಮಾತು ತಮಿಳು. ಹೊರಗೆ ಓಡಾಡುವವರಿಗೆ ಎರಡೂ ಸಲೀಸು. ಮನೆಯಿಂದ ಹೊರಗೆ ಹೋಗಲಾಗದ ವಿಕಲಚೇತನರಿಗೆ ಹಲವು ಸಲ ಮನೆಮಾತೊಂದೇ ಗೊತ್ತು. ಎರಡನೆಯದು ಕೂಲಿ. ಕಣಿವೆಯ ಎಷ್ಟೋ ಹೆಂಗಸರು ಬೆಳಗಿನ ಜಾವವೇ ಜೀಪು ಹತ್ತಿ ಕಂಬಂಮೆಟ್ಟು, ಬೋಡಿಮೆಟ್ಟು ದಾಟಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆ ಮರಳುತ್ತಾರೆ. ಹಲ್ಲುಜ್ಜಿಸುವ ಹೊತ್ತಿಗೆ ತಾಯಿ ಮನೆಯಲ್ಲಿ ಇರುವುದಿಲ್ಲ. ಆ ಕೆಲಸ ಅಜ್ಜಿಗೆ, ಅಕ್ಕನಿಗೆ ಬೀಳುತ್ತದೆ, ಇಲ್ಲವೆ ಯಾರಿಗೂ ಬೀಳುವುದಿಲ್ಲ.

ಅಂಗವೈಕಲ್ಯ ಇದ್ದ ಮಾತ್ರಕ್ಕೆ ಹಲ್ಲು ಹುಳುಕಾಗುವುದಿಲ್ಲ. ಹಲವರಿಗೆ ಹಲ್ಲುಜ್ಜಲು ಇನ್ನೊಬ್ಬರ ಕೈ ಬೇಕು, ನೋವು ಹೇಳಲು ಇನ್ನೊಬ್ಬರ ಬಾಯಿ ಬೇಕು. ಅವೆರಡೂ ಸಿಗದಾಗ ಹಲ್ಲು ಹಾಳಾಗುತ್ತದೆ. ಆದ್ದರಿಂದ ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಸಮಸ್ಯೆ ಎಷ್ಟು ದೊಡ್ಡದು?

ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ಕಾಯಿಲೆ ಇದೆ. ಅದೇ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 130 ಕೋಟಿ ಜನ, ಅಂದರೆ ಪ್ರತಿ 6 ಜನರಲ್ಲಿ ಒಬ್ಬರು, ಗಣನೀಯ ಅಂಗವೈಕಲ್ಯದೊಂದಿಗೆ ಬದುಕುತ್ತಿದ್ದಾರೆ. ಭಾರತದ 2011ರ ಜನಗಣತಿ 2.68 ಕೋಟಿ ವಿಕಲಚೇತನರನ್ನು ಲೆಕ್ಕ ಹಾಕಿತ್ತು. ಅವರಲ್ಲಿ ಸುಮಾರು 11.8 ಲಕ್ಷ ಮಂದಿ ತಮಿಳುನಾಡಿನವರು. ಆ ಗಣತಿ ನಡೆದದ್ದು ಹಳೆಯ ಕಾನೂನಿನ ಕಾಲದಲ್ಲಿ. ನಂತರ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಆಟಿಸಂ, ಹಿಮೋಫಿಲಿಯಾ, ಥಲಸ್ಸೇಮಿಯಾ, ಕುಡಗೋಲು ಕಣ ರಕ್ತಹೀನತೆ, ಪಾರ್ಕಿನ್ಸನ್ ಕಾಯಿಲೆ ಇವೆಲ್ಲ ಆ ಪಟ್ಟಿಯಲ್ಲಿವೆ.

ಯಾರಿಗೆ ಯಾವ ತೊಂದರೆ?

ಎಲ್ಲ ವೈಕಲ್ಯಗಳಲ್ಲೂ ಬಾಯಿಯ ತೊಂದರೆ ಒಂದೇ ರೀತಿ ಇರುವುದಿಲ್ಲ.

ಡೌನ್ ಸಿಂಡ್ರೋಮ್: ಹಲ್ಲು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಇವರಲ್ಲಿ ಹುಳುಕಿಗಿಂತ ವಸಡಿನ ಕಾಯಿಲೆಯ ಕಾಟ ಹೆಚ್ಚು. ಚಿಕ್ಕ ವಯಸ್ಸಿನಲ್ಲೇ ವಸಡು ಸಡಿಲಗೊಂಡು ಹುಳುಕಿಲ್ಲದ ಹಲ್ಲೂ ಅಲುಗಾಡಿ ಬೀಳಬಹುದು. ಇವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷ ಇರುತ್ತದೆ. ಕೆಲವು ಬಗೆಯ ಹೃದಯದೋಷ ಇದ್ದವರಿಗೆ ಹಲ್ಲು ಕೀಳುವ ಮೊದಲು ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಹೃದಯದ ವಿಷಯವನ್ನು ದಂತವೈದ್ಯರಿಗೆ ಮೊದಲೇ ಹೇಳಬೇಕು.

ಸೆರೆಬ್ರಲ್ ಪಾಲ್ಸಿ: ಕೈ ಸ್ವಾಧೀನದಲ್ಲಿ ಇರುವುದಿಲ್ಲ, ಬಾಯಿಯ ಸ್ನಾಯುಗಳೂ ಬಿಗಿಯಾಗಿರುತ್ತವೆ. ಹಲ್ಲು ಕಡಿಯುವುದು, ಜೊಲ್ಲು ಸುರಿಯುವುದು, ಬ್ರಷ್ ಬಾಯಿಗಿಟ್ಟ ಕೂಡಲೇ ಗಟ್ಟಿಯಾಗಿ ಕಚ್ಚುವುದು ಸಾಮಾನ್ಯ. ಹೊಟ್ಟೆಯ ಆಮ್ಲ ಬಾಯಿಗೆ ಬಂದು ಹಲ್ಲಿನ ಹೊರಪದರ ಸವೆಯುವುದೂ ಉಂಟು. ನುಂಗಲು ಕಷ್ಟವಿರುವವರ ಬಾಯಿಯಲ್ಲಿ ಕೊಳೆ ಹೆಚ್ಚಿದರೆ ಅದರ ರೋಗಾಣುಗಳು ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಇವರ ಮಟ್ಟಿಗೆ ಬಾಯಿ ಸ್ವಚ್ಛವಾಗಿಡುವುದು ಪ್ರಾಣ ಉಳಿಸುವ ಕೆಲಸ.

ಮೂರ್ಛೆ ರೋಗ: ಫಿನೈಟಾಯಿನ್ ಎಂಬ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ವಸಡು ದಪ್ಪಗಾಗಿ ಹಲ್ಲಿನ ಮೇಲೆ ಬೆಳೆಯುವುದುಂಟು. ಹಾಗೆಂದು ಮಾತ್ರೆಯನ್ನು ಮನೆಯಲ್ಲೇ ನಿಲ್ಲಿಸಬಾರದು. ಮೂರ್ಛೆ ಮರುಕಳಿಸಿ ಅಪಾಯವಾಗಬಹುದು. ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ವಸಡು ತೋರಿಸಿದರೆ ಬೇರೆ ಔಷಧ ಕೊಡಬಹುದೇ ಎಂದು ಅವರು ನೋಡುತ್ತಾರೆ. ಬಾಯಿ ಸ್ವಚ್ಛವಾಗಿದ್ದಷ್ಟೂ ವಸಡಿನ ಬೆಳವಣಿಗೆ ಕಡಿಮೆ.

ಆಟಿಸಂ: ಬ್ರಷ್ಷಿನ ಸ್ಪರ್ಶ, ಪೇಸ್ಟಿನ ಖಾರ, ಆಸ್ಪತ್ರೆಯ ಬೆಳಕು, ಯಂತ್ರದ ಸದ್ದು ಇವೆಲ್ಲ ಅವರಿಗೆ ಸಹಿಸಲಾಗದಷ್ಟು ಆಗಬಹುದು. ಅದು ಹಠವಲ್ಲ. ಒಂದೆರಡು ಬಗೆಯ ಮೆತ್ತನೆಯ, ಸಿಹಿಯ ತಿನಿಸಿಗೇ ಅಂಟಿಕೊಂಡರೆ ಹುಳುಕು ಬೇಗ ಬರುತ್ತದೆ.

ಲಕ್ವ, ಪಾರ್ಕಿನ್ಸನ್: ಲಕ್ವ ಹೊಡೆದ ಕಡೆಯ ಕೆನ್ನೆಯಲ್ಲಿ ಅನ್ನದ ಅಗುಳು ಉಳಿದರೂ ರೋಗಿಗೆ ಗೊತ್ತಾಗುವುದಿಲ್ಲ. ಪ್ರತಿ ಊಟದ ನಂತರ ಆ ಕಡೆ ನೋಡಿ ತೆಗೆಯಬೇಕು. ಪಾರ್ಕಿನ್ಸನ್ ಇರುವವರಿಗೆ ಕೈ ನಡುಗುವುದರಿಂದ ಉಜ್ಜುವುದು ಕಷ್ಟ.

ಮಾನಸಿಕ ಕಾಯಿಲೆ: ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತದೆ. ಎಂಜಲು ಕಡಿಮೆಯಾದರೆ ಹಲ್ಲಿಗೆ ಕಾವಲು ಕಡಿಮೆಯಾದಂತೆ. ಆಗಾಗ ಗುಟುಕು ನೀರು ಕುಡಿಯಬೇಕು. ಬಾಯಿ ಒಣಗಿತೆಂದು ಸಿಹಿ ಮಿಠಾಯಿ ಚೀಪುವುದು, ಸಿಹಿ ಟೀ ಮೇಲೆ ಟೀ ಕುಡಿಯುವುದು ಬೇಡ.

ಹಿಮೋಫಿಲಿಯಾ: ಇವರಿಗೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಪದವಿಯಿಲ್ಲದವರ ಹತ್ತಿರ ಹಲ್ಲು ಕೀಳಿಸಿದರೆ ಪ್ರಾಣಕ್ಕೇ ಅಪಾಯ. ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಔಷಧದ ಏರ್ಪಾಡು ಇರುವ ದೊಡ್ಡ ಆಸ್ಪತ್ರೆಯಲ್ಲೇ ಕೀಳಿಸಬೇಕು.

ಅಂಧರು, ಕಿವುಡರು: ಅಂಧರಿಗೆ ಹಲ್ಲಿನ ಕಪ್ಪು ಕಲೆಯಾಗಲಿ, ವಸಡಿನ ರಕ್ತವಾಗಲಿ ಕಾಣುವುದಿಲ್ಲ. ಮನೆಯವರು ವಾರಕ್ಕೊಮ್ಮೆ ನೋಡಿ ಹೇಳಬೇಕು. ಕಿವುಡರು ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವವರಾದರೆ ಮಾತನಾಡುವಾಗ ಮಾಸ್ಕ್ ಇಳಿಸುವಂತೆ ವೈದ್ಯರನ್ನು ಕೇಳಿಕೊಳ್ಳಬಹುದು. ಯಂತ್ರ ಓಡುವಾಗ ಶ್ರವಣ ಯಂತ್ರವನ್ನು ಆರಿಸಿಡುವುದು ಒಳ್ಳೆಯದು.

ನೋವನ್ನು ಗುರುತಿಸುವುದು ಹೇಗೆ?

ಮಾತಿನಲ್ಲಿ ಹೇಳಲಾಗದವರು ನಡವಳಿಕೆಯಲ್ಲಿ ಹೇಳುತ್ತಾರೆ. ಈ ಲಕ್ಷಣಗಳು ಕಂಡರೆ ಮೊದಲು ಬಾಯಿ ನೋಡಬೇಕು:

- ಇಷ್ಟದ ತಿನಿಸನ್ನೂ ಬೇಡವೆನ್ನುವುದು, ಒಂದೇ ಕಡೆ ಅಗಿಯುವುದು
- ತಣ್ಣೀರು, ಬಿಸಿ ಟೀ ತಾಕಿದೊಡನೆ ಮುಖ ಹಿಂದೆಗೆಯುವುದು
- ಕೆನ್ನೆಗೆ ಹೊಡೆದುಕೊಳ್ಳುವುದು, ಬಾಯಿಗೆ ಬೆರಳಿಡುವುದು, ತನ್ನನ್ನೇ ಕಚ್ಚಿಕೊಳ್ಳುವುದು
- ರಾತ್ರಿ ನಿದ್ದೆ ಬಾರದೆ ಅಳುವುದು
- ಮೊದಲಿಗಿಂತ ಹೆಚ್ಚು ಜೊಲ್ಲು, ಬಾಯಿಂದ ಕೆಟ್ಟ ವಾಸನೆ
- ಕಾರಣವಿಲ್ಲದೆ ಸಿಟ್ಟು, ಅಥವಾ ಇದ್ದಕ್ಕಿದ್ದಂತೆ ಮಂಕಾಗುವುದು

ತಿಂಗಳಿಗೊಮ್ಮೆಯಾದರೂ ಹಗಲು ಬೆಳಕಿನಲ್ಲಿ ತುಟಿ ಎತ್ತಿ ನೋಡುವ ಅಭ್ಯಾಸ ಒಳ್ಳೆಯದು. ವಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಅದು ಹುಳುಕಿನ ಮೊದಲ ಹೆಜ್ಜೆ. ಆ ಹಂತದಲ್ಲಿ ಫ್ಲೋರೈಡ್ ಹಚ್ಚಿ ಅದನ್ನು ತಡೆಯಬಹುದು. ಕಪ್ಪು ಗುಳಿ ಬಿದ್ದ ಮೇಲೆ ಬಂದರೆ ತುಂಬಿಸಬೇಕು, ಕೀವು ತುಂಬಿದ ಮೇಲೆ ಬಂದರೆ ಬಹುಮಟ್ಟಿಗೆ ಕೀಳಬೇಕು.

ಮನೆಯಲ್ಲಿ ಹಲ್ಲುಜ್ಜಿಸುವ ಕ್ರಮ

ಬಚ್ಚಲಲ್ಲೇ ಹಲ್ಲುಜ್ಜಬೇಕೆಂಬ ನಿಯಮವಿಲ್ಲ. ಬೆಳಕು ಚೆನ್ನಾಗಿರುವ ಜಗಲಿ ಅಥವಾ ಪಡಸಾಲೆ ಸಾಕು. ಮಗುವನ್ನು ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ಅದರ ತಲೆಯನ್ನು ತಮ್ಮ ಹೊಟ್ಟೆಗೆ ಒರಗಿಸಿಕೊಂಡು ಉಜ್ಜಿಸಿದರೆ ಹಿಡಿತ ಸಿಗುತ್ತದೆ. ಗಾಲಿಕುರ್ಚಿಯಲ್ಲಿ ಇರುವವರಿಗೂ ಇದೇ ಕ್ರಮ. ಗಾಲಿಗೆ ಬ್ರೇಕ್ ಹಾಕಿರಬೇಕು. ನುಂಗಲು ಕಷ್ಟವಿರುವವರನ್ನು ಅಂಗಾತ ಮಲಗಿಸಿ ಉಜ್ಜಬಾರದು. ಅವರನ್ನು ನೆಟ್ಟಗೆ ಕೂರಿಸಬೇಕು, ಕೂರಲಾಗದಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು.

ಪೇಸ್ಟು ಫ್ಲೋರೈಡ್ ಇರುವುದಾಗಿರಲಿ. 3 ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು ಸಾಕು. ಉಗುಳಲು ಬಾರದವರಿಗೆ ವಯಸ್ಸು ಎಷ್ಟೇ ಇದ್ದರೂ ತೆಳುವಾಗಿ ಸವರಿ ಉಜ್ಜಿ, ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಉಗುಳಬಲ್ಲವರು ನೊರೆ ಉಗುಳಿದರೆ ಸಾಕು, ಮತ್ತೆ ಮತ್ತೆ ಮುಕ್ಕಳಿಸಿದರೆ ಫ್ಲೋರೈಡ್ ತೊಳೆದುಹೋಗುತ್ತದೆ. ಇಟ್ಟಿಗೆ ಪುಡಿ, ಇದ್ದಿಲು, ಉಪ್ಪಿನ ಹರಳು ಹಾಕಿ ತಿಕ್ಕಿದರೆ ಹಲ್ಲು ಸವೆಯುತ್ತದೆ. ಬೇವಿನ ಕಡ್ಡಿ ಬಳಸುವವರು ಬಳಸಲಿ, ಆದರೆ ಕೈ ಬಿಗಿಯಿರುವವರ ಬಾಯಿಗೆ ಅದು ಚುಚ್ಚಬಹುದು. ಅವರಿಗೆ ಮೆದು ಬ್ರಷ್ಷೇ ಸರಿ.

ಕಚ್ಚುವ ಮಗುವಿನ ಹಲ್ಲುಗಳ ನಡುವೆ ಬೆರಳು ಇಡಬಾರದು. ಒದ್ದೆ ಬಟ್ಟೆಯನ್ನು ಗಟ್ಟಿಯಾಗಿ ಸುರುಳಿ ಸುತ್ತಿ ಒಂದು ಪಕ್ಕದ ದವಡೆ ಹಲ್ಲಿನ ನಡುವೆ ಇಟ್ಟು ಇನ್ನೊಂದು ಪಕ್ಕ ಉಜ್ಜಬಹುದು. ಹಳೆಯ ಬ್ರಷ್ಷಿನ ಹಿಡಿಗೆ ಬಟ್ಟೆ ಸುತ್ತಿಯೂ ಇದನ್ನು ಮಾಡಿಕೊಳ್ಳಬಹುದು.

ಕೈಯಲ್ಲಿ ಹಿಡಿತ ಕಡಿಮೆ ಇರುವ ದೊಡ್ಡವರು ತಾವೇ ಉಜ್ಜಿಕೊಳ್ಳಬೇಕೆಂದು ಬಯಸಿದರೆ ಬ್ರಷ್ಷಿನ ಹಿಡಿಯನ್ನು ದಪ್ಪ ಮಾಡಿಕೊಟ್ಟರೆ ಸಾಕು. ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿ, ರಬ್ಬರ್ ಚೆಂಡು, ಬಿಗಿಯಾಗಿ ಸುತ್ತಿದ ಬಟ್ಟೆ ಯಾವುದಾದರೂ ಆಗುತ್ತದೆ. ಬೆರಳು ಮಡಿಚಲಾಗದವರಿಗೆ ಅಗಲ ಎಲಾಸ್ಟಿಕ್ ಪಟ್ಟಿ ಹೊಲಿದು ಬ್ರಷ್ಷನ್ನು ಅಂಗೈಗೆ ಕಟ್ಟಬಹುದು.

ದಿನಕ್ಕೆ 2 ಸಲ, ತಲಾ 2 ನಿಮಿಷ ಉಜ್ಜುವುದು ನಿಯಮ. ತಾಯಿ ಬೆಳಗಿನ ಜೀಪಿಗೆ ಹೋಗುವ ಮನೆಗಳಲ್ಲಿ ರಾತ್ರಿ ಮಲಗುವ ಮುನ್ನ ಉಜ್ಜಿಸುವುದನ್ನು ತಪ್ಪಿಸಬಾರದು. ನಿದ್ದೆಯಲ್ಲಿ ಎಂಜಲು ಕಡಿಮೆ ಊರುವುದರಿಂದ ಹುಳುಕು ಹೆಚ್ಚು ಬೆಳೆಯುವುದೇ ರಾತ್ರಿ. ಬೆಳಗಿನ ಸರದಿಯನ್ನು ಅಜ್ಜಿಗೋ ಅಕ್ಕನಿಗೋ ವಹಿಸಿ, ಒಂದು ಭಾನುವಾರ ಜೊತೆಯಲ್ಲಿ ನಿಂತು ಕ್ರಮ ತೋರಿಸಿಕೊಟ್ಟರೆ ಸಾಕು.

ಸಿಹಿ ಮತ್ತು ಸಿರಪ್

ಮಗುವನ್ನು ಸಮಾಧಾನ ಮಾಡಲು ಕೈಗೆ ಮಿಠಾಯಿ, ಬಿಸ್ಕತ್ತು ಕೊಡುವುದು ಎಲ್ಲ ಮನೆಗಳ ವಾಡಿಕೆ. ದಿನವಿಡೀ ಸ್ವಲ್ಪ ಸ್ವಲ್ಪ ಸಿಹಿ ಬಾಯಿಯಲ್ಲಿ ಇರುವುದು, ಊಟದ ಜೊತೆ ಒಮ್ಮೆಲೇ ಸಿಹಿ ತಿನ್ನುವುದಕ್ಕಿಂತ ಹಾನಿಕರ. ಮೂರ್ಛೆ, ಕೆಮ್ಮು, ಶಕ್ತಿಗೆಂದು ಕೊಡುವ ಸಿರಪ್‌ಗಳಲ್ಲೂ ಸಕ್ಕರೆ ಇರಬಹುದು. ಸಕ್ಕರೆ ಇಲ್ಲದ ಸಿರಪ್ ಇದೆಯೇ ಎಂದು ಔಷಧ ಅಂಗಡಿಯಲ್ಲಿ ಕೇಳಬೇಕು. ಇಲ್ಲದಿದ್ದರೆ ಸಿರಪ್ ಕೊಟ್ಟ ನಂತರ ನೀರು ಕುಡಿಸಬೇಕು ಅಥವಾ ಬಾಯಿ ಒರೆಸಬೇಕು. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡು ಮಲಗುವುದನ್ನು ಬಿಡಿಸಬೇಕು.

ಆಸ್ಪತ್ರೆಗೆ ಹೋಗುವಾಗ

ಹನುಮಂತನಪಟ್ಟಿಯವರಿಗೆ ಹತ್ತಿರದ್ದು ಉತ್ತಮಪಾಳ್ಯಂ ಸರ್ಕಾರಿ ಆಸ್ಪತ್ರೆ. ಕಂಬಂ, ಚಿನ್ನಮನೂರು, ಬೋಡಿಯಲ್ಲೂ ಸರ್ಕಾರಿ ಆಸ್ಪತ್ರೆಗಳಿವೆ. ಪೆರಿಯಕುಳಂನಲ್ಲಿ ಜಿಲ್ಲಾ ಕೇಂದ್ರ ಆಸ್ಪತ್ರೆ, ತೇನಿಯಿಂದ ಮಧುರೆಗೆ ಹೋಗುವ ದಾರಿಯ ಕ. ವಿಲಕ್ಕುವಿನಲ್ಲಿ ಸರ್ಕಾರಿ ತೇನಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ಹೊರಡುವ ಮೊದಲು ದಂತವೈದ್ಯರು ಯಾವ ದಿನ, ಯಾವ ಹೊತ್ತಿನಲ್ಲಿ ಇರುತ್ತಾರೆಂದು ವಿಚಾರಿಸಿಕೊಂಡರೆ ಗಾಲಿಕುರ್ಚಿಯವರನ್ನು ಬಸ್ಸು ಹತ್ತಿಸಿ ಇಳಿಸುವ ಶ್ರಮ ವ್ಯರ್ಥವಾಗುವುದಿಲ್ಲ.

ಜೊತೆಯಲ್ಲಿ ಕೊಂಡೊಯ್ಯಬೇಕಾದದ್ದು: ವಿಕಲಚೇತನರ ಗುರುತಿನ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಹೃದಯ ಅಥವಾ ರಕ್ತದ ಕಾಯಿಲೆಯ ಹಳೆಯ ವರದಿ. ಮಗುವಿಗೆ ಪ್ರಿಯವಾದ ಆಟಿಕೆ ಅಥವಾ ಹೊದಿಕೆ ಇದ್ದರೆ ಅದೂ ಇರಲಿ. ಮೊದಲ ದಿನ ಕುರ್ಚಿಯಲ್ಲಿ ಕೂತು ಬಂದರೆ ಸಾಕು, ಎರಡನೆಯ ದಿನ ಬಾಯಿ ತೋರಿಸಿದರೆ ಸಾಕು ಎಂಬಂತೆ ಹಂತ ಹಂತವಾಗಿ ರೂಢಿ ಮಾಡಿಸಬಹುದು.

ಎಲ್ಲ ಚಿಕಿತ್ಸೆಗೂ ಯಂತ್ರ ಬೇಕಿಲ್ಲ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಹುಳುಕಿಗೆ ಹಚ್ಚಿದರೆ ಅದು ಮುಂದಕ್ಕೆ ಹರಡುವುದನ್ನು ಬಹುಮಟ್ಟಿಗೆ ತಡೆಯಬಹುದು. ಹಚ್ಚಿದ ಜಾಗ ಕಪ್ಪಾಗುತ್ತದೆ ಅಷ್ಟೆ. ಕೀವು ಕಟ್ಟಿ ನೋಯುವ ಹಲ್ಲಿಗೆ ಇದು ಸಾಲದು. ಕೈ ಉಪಕರಣದಿಂದಲೇ ಹುಳುಕು ಕೆರೆದು ಗ್ಲಾಸ್ ಅಯನೋಮರ್ ಸಿಮೆಂಟ್ ತುಂಬುವ ವಿಧಾನವೂ ಇದೆ. ಈ ಎರಡು ವಸ್ತುಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಯಾವ ರೀತಿಯಲ್ಲೂ ಕುರ್ಚಿಯಲ್ಲಿ ಕೂರಲಾಗದವರಿಗೆ ಮಾತ್ರ ಅರಿವಳಿಕೆ ಕೊಟ್ಟು, ಬೇಕಾದ ಎಲ್ಲ ಕೆಲಸವನ್ನೂ ಒಂದೇ ಸಲ ಮುಗಿಸಲಾಗುತ್ತದೆ.

ತಡಮಾಡದೆ ಹೋಗಬೇಕಾದ ಸಂದರ್ಭಗಳು: ಕೆನ್ನೆಯ ಬಾವು ಕಣ್ಣಿನವರೆಗೆ ಅಥವಾ ಗದ್ದದ ಕೆಳಗೆ ಹರಡುವುದು, ಬಾವಿನ ಜೊತೆ ಜ್ವರ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾಗುವುದು, ರಕ್ತ ನಿಲ್ಲದಿರುವುದು. ಮೂರ್ಛೆ ಬಂದು ಬಿದ್ದು ಶಾಶ್ವತ ಹಲ್ಲು ಬೇರುಸಹಿತ ಕಿತ್ತು ಬಂದಿದ್ದರೆ ಬೇರನ್ನು ಉಜ್ಜದೆ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ವೈದ್ಯರನ್ನು ಮುಟ್ಟಿದರೆ ಉಳಿಸುವ ಸಾಧ್ಯತೆ ಇದೆ.

ಎರಡು ಮಾತಿನ ನಡುವೆ

ಮನೆಯಲ್ಲಿ ಕನ್ನಡದಲ್ಲಿ ಹೇಳಿದ್ದು ಆಸ್ಪತ್ರೆಯಲ್ಲಿ ತಮಿಳಾಗುವಾಗ ಅರ್ಥ ಜಾರುವುದುಂಟು. ಕನ್ನಡದ "ನೋವು" ತಮಿಳಿನ "ವಲಿ". ತಮಿಳಿನ "ನೋಯ್" ಎಂದರೆ ರೋಗ. ಜೊತೆಗೆ ಹೋಗುವವರ ಅನುಕೂಲಕ್ಕೆ ಕೆಲವು ಪದಗಳು:

- ವಸಡು: ಈರು
- ಹುಳುಕು ಹಲ್ಲು: ಸೊತ್ತೈಪ್ಪಲ್
- ದವಡೆ ಹಲ್ಲು: ಕಡವಾಯ್‌ಪ್ಪಲ್
- ಹಲ್ಲು ಜುಮ್ಮೆನ್ನುವುದು: ಪಲ್ ಕೂಚ್ಚಂ
- ಬಾವು: ವೀಕ್ಕಂ
- ಕೀವು: ಸೀಳ್
- ಮೂರ್ಛೆ: ವಲಿಪ್ಪು

ಕೊನೆಯ ಪದದ ಬಗ್ಗೆ ವಿಶೇಷ ಎಚ್ಚರ ಬೇಕು. "ವಲಿ" ನೋವು, "ವಲಿಪ್ಪು" ಮೂರ್ಛೆ. ಅವಸರದಲ್ಲಿ ಒಂದಕ್ಕೊಂದು ಬೆರೆತರೆ ವೈದ್ಯರು ಬೇರೆಯದೇ ಕಾಯಿಲೆಯ ಹಿಂದೆ ಹೋಗಬಹುದು. ರೋಗಿಗೆ ಕನ್ನಡ ಮಾತ್ರ ಅರ್ಥವಾಗುವುದಾದರೆ ಅದನ್ನು ಮೊದಲೇ ಹೇಳಿ, "ಬಾಯಿ ತೆಗಿ", "ಸ್ವಲ್ಪ ತಡಿ", "ಆಯ್ತು" ಎಂಬ ಮಾತುಗಳನ್ನು ಪಕ್ಕದಲ್ಲಿ ನಿಂತ ಮನೆಯವರೇ ಹೇಳುವಂತೆ ಒಪ್ಪಿಗೆ ಪಡೆಯಬೇಕು. ಗೊತ್ತಿರುವ ದನಿ ಕಿವಿಗೆ ಬಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಈ ತೊಡಕು ಈ ಕಣಿವೆಗೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಮಾತಿನ ಹಿಸ್ಪಾನಿಕ್ ಕುಟುಂಬಗಳ ವಿಕಲಚೇತನರಿಗೂ ಇಂಗ್ಲಿಷ್ ಆಸ್ಪತ್ರೆಯಲ್ಲಿ ಇದೇ ಪಾಡು. ಅಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಆಧಾರದ ಮೇಲೆ, ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಭಾಷಾ ನೆರವು ಕೊಡಬೇಕಾಗುತ್ತದೆ. "ಪ್ರೊಮೊತೋರಾ" ಎಂದು ಕರೆಯುವ, ಅದೇ ಕೇರಿಯ, ಅದೇ ಮಾತಿನ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಿಳಿವಳಿಕೆ ಕೊಡುತ್ತಾರೆ. ತಮಿಳುನಾಡಿನಲ್ಲಿ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭವಾದ "ಮಕ್ಕಳೈ ತೇಡಿ ಮರುತ್ತುವಂ" ಯೋಜನೆಯಲ್ಲೂ ಕಾರ್ಯಕರ್ತೆಯರು ಮನೆ ಬಾಗಿಲಿಗೆ ಬರುತ್ತಾರೆ. ಅವರ ಮುಖ್ಯ ಕೆಲಸ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಫಿಸಿಯೋಥೆರಪಿ, ಹಾಸಿಗೆ ಹಿಡಿದವರ ಆರೈಕೆ. ಹಾಸಿಗೆ ಹಿಡಿದವರ ಬಾಯಿಯನ್ನೂ ಒಮ್ಮೆ ನೋಡಿ ಎಂದು ಮನೆಯವರು ಅವರನ್ನು ಕೇಳಿಕೊಳ್ಳಬಹುದು.

ಕಾನೂನು, ಯೋಜನೆಗಳು

2016ರ ಕಾಯ್ದೆಯ 25ನೇ ಕಲಂ ವಿಕಲಚೇತನರ ಆರೋಗ್ಯದ ಬಗ್ಗೆ ಮೂರು ಮಾತು ಹೇಳುತ್ತದೆ: ಸರ್ಕಾರ ನಿಗದಿ ಮಾಡುವ ಆದಾಯ ಮಿತಿಗೆ ಒಳಪಟ್ಟು ಹತ್ತಿರದಲ್ಲೇ, ವಿಶೇಷವಾಗಿ ಹಳ್ಳಿಗಳಲ್ಲಿ, ಉಚಿತ ಆರೋಗ್ಯ ಸೇವೆ, ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ, ತಪಾಸಣೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ. ಸಾಲಿನಲ್ಲಿ ಮುಂದೆ ಬಿಡಿ ಎಂದು ಕೇಳುವುದು ಬೇಡಿಕೊಳ್ಳುವ ಮಾತಲ್ಲ, ಹಕ್ಕಿನ ಮಾತು.

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ "ನಿರಾಮಯ" ಎಂಬ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಹಲ್ಲಿನ ರಕ್ಷಣಾ ಚಿಕಿತ್ಸೆಗೂ ಒಂದು ಪಾಲು ಉಂಟು. ಇದನ್ನು ಪ್ರತಿವರ್ಷ ನವೀಕರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬರುವ ತಂಡ 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತದೆ. ಸೀಳು ತುಟಿ, ಡೌನ್ ಸಿಂಡ್ರೋಮ್, ಹಲ್ಲಿನ ಹುಳುಕು ಅದರ ಪಟ್ಟಿಯಲ್ಲಿವೆ. ಮನೆಯಲ್ಲೇ ಉಳಿದ ಮಗುವನ್ನು ತಂಡ ಬರುವ ದಿನ ಶಾಲೆಗೆ ಕರೆದೊಯ್ಯುವುದು ಒಳ್ಳೆಯದು. ಗುರುತಿನ ಚೀಟಿ ಇಲ್ಲದವರು ತೇನಿ ಜಿಲ್ಲಾಧಿಕಾರಿ ಕಚೇರಿಯ ಆವರಣದಲ್ಲಿರುವ ಜಿಲ್ಲಾ ಮಾಟ್ರುತ್ತಿರನಾಳಿಗಳ್ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬಹುದು.

ಯೋಜನೆ, ಕಾನೂನು ಎಷ್ಟೇ ಇದ್ದರೂ ದಿನನಿತ್ಯ ಬಾಯಿ ತೆರೆದು ನೋಡುವವರು ಮನೆಯವರೇ. ಹಲ್ಲು ಮೊಳೆತ ದಿನದಿಂದ ಉಜ್ಜಿಸಲು ಆರಂಭಿಸಬೇಕು, ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಬೇಕು, ಆಮೇಲೆ 6 ತಿಂಗಳಿಗೊಮ್ಮೆ. ಇಷ್ಟನ್ನು ಪಾಲಿಸಿದರೆ ಹೇಳಲಾಗದ ನೋವಿನಲ್ಲಿ ರಾತ್ರಿ ಕಳೆಯುವ ಪರಿಸ್ಥಿತಿಯನ್ನು ಬಹುಮಟ್ಟಿಗೆ ತಪ್ಪಿಸಬಹುದು.